ಬೀಗ ಹಾಕಿದ ಮನೆಗಳ ಮತದಾರರು

ಬೆಳಗಿನ ಐದೂಕಾಲು. ಕೆಜಿಎಫ್‌ನ ಊರಿಗಾಂ ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲಿಗೆ ಕಾದವರ ನಡುವೆ ಶಶಿರೇಖ ನುಗ್ಗುತ್ತಿದ್ದಾರೆ. ಕಂಕುಳಲ್ಲಿ ಫಾರಂಗಳ ಕಟ್ಟು, ಹಲ್ಲಿನಲ್ಲಿ ಕಚ್ಚಿಕೊಂಡ ಪೆನ್ನಿನ ಕ್ಯಾಪು.

"ಏನಕ್ಕಾ, ಪೊಲೀಸ್ನೋರಂಗೆ ಅಡ್ಡ ನಿಂತ್ಬಿಟ್ಟೆ?" ಎನ್ನುತ್ತಾರೆ ಸೆಕ್ಯುರಿಟಿ ಕೆಲಸದ ಮುನಿರಾಜ್.

"ಸೈನ್ ಆಕಪ್ಪ. ನೀನು ಊರು ಬಿಟ್ಟೋಗಿದೀಯ ಅಂತ ಪಟ್ಟಿಯಾಗೆ ಐತೆ."

"ದಿನಾ ಬಿಟ್ಟೋಗ್ತೀನಿ, ದಿನಾ ವಾಪಸ್ ಬತ್ತೀನಲ್ಲ."

"ಅದನ್ನೇ ಬರ್ಕೊಡು."

ಶಶಿರೇಖ ಅಂಗನವಾಡಿ ಕಾರ್ಯಕರ್ತೆ, ವಯಸ್ಸು ನಲವತ್ತಾರು. ಒಂಬತ್ತು ವರ್ಷಗಳಿಂದ, ಗಣಿ ಕಾರ್ಮಿಕರ ಸಾಲುಮನೆಗಳಾದ ಟ್ಯಾಂಕ್ ಲೈನಿನ ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವುದೂ ಅವರ ಪಾಲಿಗೆ ಬಂದಿದೆ. ಈ ಸಲ ಪರಿಶೀಲನೆಗೆ ಬಂದ ತಂಡ ಹಗಲು ಹನ್ನೊಂದಕ್ಕೆ ಲೈನು ಸುತ್ತಿ, ಬೀಗ ಕಂಡ ಕಡೆಯೆಲ್ಲ 'ಸ್ಥಳಾಂತರ' ಎಂದು ಗುರುತು ಹಾಕಿ ಹೋಗಿದೆ. ನಲವತ್ತಮೂರು ಹೆಸರು. ಶನಿವಾರದೊಳಗೆ ಇವರು ಇಲ್ಲೇ ಇದ್ದಾರೆಂದು ತೋರಿಸದಿದ್ದರೆ ಎಲ್ಲವೂ ಪಟ್ಟಿಯಿಂದ ಹೋಗುತ್ತವೆ.

ಚಿನ್ನದ ಗಣಿ ಮುಚ್ಚಿದ ಮೇಲೆ ಲೈನಿನ ಜನ ಬೆಂಗಳೂರಿನ ಕೆಲಸಕ್ಕೆ ಕತ್ತಲಲ್ಲಿ ರೈಲು ಹತ್ತಿ ಕತ್ತಲಲ್ಲೇ ಇಳಿಯುತ್ತಾರೆ. ಹಗಲಿನ ಬೀಗಕ್ಕೆ ಇಲ್ಲಿ ಬೇರೇನೂ ಅರ್ಥವಿಲ್ಲ. "ಬೀಗ ನೋಡಬಾರ್ದು ಮೇಡಂ, ಡ್ರಮ್ ನೋಡ್ಬೇಕು," ಎಂದು ಶಶಿರೇಖ ಲೈನಿನ ಮನೆಯೊಂದರ ಬಾಗಿಲ ಪಕ್ಕದ ನೀಲಿ ನೀರಿನ ಡ್ರಮ್ಮನ್ನು ನನಗೆ ತೋರಿಸುತ್ತಾರೆ. "ನೀರು ಬರೋದೇ ವಾರಕ್ಕೊಂದ್ಸಲ. ಊರು ಬಿಡೋರು ಮಂಚ ಬಿಟ್ಟೋಗ್ತಾರೆ, ಡ್ರಮ್ ಬಿಡಲ್ಲ."

ಈ ಪಾಠ ಅವರಿಗೆ ಸುಲಭವಾಗಿ ಸಿಕ್ಕಿದ್ದಲ್ಲ. ಕೆಲಸಕ್ಕೆ ಹೊಸದಾಗಿದ್ದಾಗ ಅವರೂ ಬೀಗ ನೋಡಿಯೇ ಬರೆದಿದ್ದರು. ಹಾಗೆ ಬಿಟ್ಟುಹೋದ ಹೆಸರುಗಳಲ್ಲಿ ಮಾರಿಯಮ್ಮನದೂ ಒಂದು. ಹಿಂದೆ ಗಣಿಯಲ್ಲಿ ದುಡಿದವರ ಹೆಂಡತಿ, ಮಗಳ ಬಾಣಂತನಕ್ಕೆ ಹತ್ತು ದಿನ ಹೋಗಿದ್ದವರು. ಮತದಾನದ ದಿನ ಹೊಸ ಸೀರೆಯುಟ್ಟು ಬಂದು, ಎರಡು ಗಂಟೆ ಸಾಲಿನಲ್ಲಿ ನಿಂತು, ಬಾಗಿಲಿಂದ ಹಿಂತಿರುಗಿದರು. ಈಗಲೂ ಎದುರು ಸಿಕ್ಕರೆ ತಮಿಳಿನ ಮುದ್ದುಮಾತು ಬೆರೆಸಿ ಕೇಳದೆ ಬಿಡುವುದಿಲ್ಲ: "ಏನ್ ಕಣ್ಣು, ನಾನು ಈಗಾನಾ ಇದೀನಾ ಪಟ್ಟಿಯಾಗೆ?"

ಟ್ಯಾಂಕ್ ಲೈನಿನ ಹಿಂದೆ ಒಂದು ಮೋರಿ. ಆಚೆ ಬಂಗಾರಪೇಟೆ ಕ್ಷೇತ್ರ, ಈಚೆ ಕೆಜಿಎಫ್. ಮೋರಿಯ ಅಂಚಿನ ಹಳ್ಳಿಮನೆಗಳು 2008ರ ಮರುವಿಂಗಡಣೆಗೆ ಮೊದಲು ಬೇತಮಂಗಲಕ್ಕೆ ಓಟು ಹಾಕುತ್ತಿದ್ದವು. ಆ ಕ್ಷೇತ್ರವೇ ಈಗಿಲ್ಲ. "ಮದ್ವೆಯಾಗಿ ಬಂದಾಗಿಂದ ನಾನು ಇದೇ ಮನ್ಯಾಗೆ ಇವ್ನಿ. ಓಡಾಡ್ತಿರೋದು ಕ್ಷೇತ್ರ," ಎಂದು ಅಲ್ಲಿನ ವೆಂಕಟಮ್ಮ ನಗುತ್ತಾರೆ. ಶಶಿರೇಖ ಅವರ ನೋಟ್‌ಬುಕ್ಕಿನಲ್ಲಿ ಪ್ರತಿ ಚುನಾವಣೆಯಲ್ಲಿ ಎಷ್ಟು ಜನ ಓಟು ಹಾಕಿದರೆಂಬ ಲೆಕ್ಕವಿದೆ: ಈ ಮತಗಟ್ಟೆಯಲ್ಲಿ 2018ರಲ್ಲಿ ನೂರಕ್ಕೆ ಐವತ್ತೆಂಟು, 2023ರಲ್ಲಿ ಅರವತ್ತೇಳು. ಯಾರು ಗೆದ್ದರೆಂದು ಬರೆದಿಲ್ಲ.

ರೈಲು ಬರುತ್ತದೆ. ಸಹಿ ಬಾಕಿಯಿರುವ ಮೂವರು ಹತ್ತುತ್ತಿದ್ದಂತೆ ಅವರೂ ಹತ್ತುತ್ತಾರೆ. ಸೀಟಿನ ಕಂಬಕ್ಕೆ ಒರಗಿ ಬರೆಸಿಕೊಂಡು ಬಂಗಾರಪೇಟೆಯಲ್ಲಿ ಇಳಿದು, ಬಸ್ಸಿನಲ್ಲಿ ವಾಪಸ್. ಒಂಬತ್ತೂವರೆಗೆ ಅಂಗನವಾಡಿ ಬಾಗಿಲು ತೆಗೆಯಲೇಬೇಕು.

ನಲವತ್ತೊಂದು ಮುಗಿದಿವೆ. ಉಳಿದವರು ಹೊಸಕೋಟೆಯಲ್ಲಿ ಕಟ್ಟುತ್ತಿರುವ ಕಟ್ಟಡವೊಂದರ ಕೆಲಸಕ್ಕೆ ಹೋಗಿ ವಾರವಿಡೀ ಅಲ್ಲೇ ತಂಗುವ ಸೆಲ್ವಿ ಮತ್ತು ಅವರ ಗಂಡ. ಇಬ್ಬರಿಗಾಗಿ ಅಷ್ಟು ದೂರವೇ ಎಂದು ಮೇಲ್ವಿಚಾರಕರು ಕೇಳಿದ್ದಾರಂತೆ. ಶುಕ್ರವಾರಕ್ಕೆ ಶಶಿರೇಖ ರಜೆ ಬರೆದುಕೊಟ್ಟಿದ್ದಾರೆ.

"ಹೆಸ್ರು ಹೊಡಿಯಾಕೆ ಒಂದು ಗೀಟು ಸಾಕು. ವಾಪಸ್ ಸೇರ್ಸಾಕೆ ಎಷ್ಟು ಓಡಾಡ್ಬೇಕು ಅಂತ ಆ ಮಾರಿಯಮ್ಮನ್ನ ಕೇಳಿ," ಎನ್ನುತ್ತಾ ಫಾರಂಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕುತ್ತಾರೆ. "ಅವ್ರು ಓಟು ಯಾರ್ಗಾನಾ ಆಕ್ಲಿ ಮೇಡಂ, ಆಕ್ದೇನೂ ಇರ್ಲಿ. ನನ್ನ ಬೂತ್ ಬಾಗ್ಲಲ್ಲಿ ಇನ್ನೊಬ್ರನ್ನ ವಾಪಸ್ ಕಳಿಸೋದು ಬ್ಯಾಡ."