ಗ್ಲಾಸ್ಗೋ ಇಂಗ್ಲೆಂಡಿಗೆ, ಕೊಟ್ಟೂರು ದಾವಣಗೆರೆಗೆ

ಎರಡು ಭಾನುವಾರದ ಹಿಂದೆ ಕೊಟ್ಟೂರಿನ ವಾಲಿಬಾಲ್ ತಂಡ ದಾವಣಗೆರೆಗೆ ಹೋಗಿ, ಒಂದೇ ಒಂದು ಚೆಂಡನ್ನೂ ಮುಟ್ಟದೆ ಸೋತು ಬಂತು.

ಮಳೆ ಬಂತೇ? ಇಲ್ಲ. ಬಸ್ ಕೆಟ್ಟಿತೇ? ಇಲ್ಲ. ಜಗಳ? ಅದೂ ಇಲ್ಲ. ಪಂದ್ಯಕ್ಕೆ ಒಂದು ಗಂಟೆ ಮೊದಲೇ ತಲುಪಿದ್ದರು. ಕೋರ್ಟಿಗೆ ಕಾಣುವಷ್ಟೇ ದೂರದಲ್ಲಿ, ಬೇವಿನ ಮರದ ನೆರಳಲ್ಲಿ, ಶೂ ಲೇಸ್ ಬಿಗಿದುಕೊಂಡು ಕೂತಿದ್ದರು. ಕೂತೇ ಇದ್ದರು. ಯಾಕೆಂದರೆ ಅವರನ್ನು ಯಾರೂ ಊಟಕ್ಕೆ ಕರೆಯಲಿಲ್ಲ.

ನಗಬೇಡಿ. (ನಾನು ನಕ್ಕಾಗಿದೆ, ತಾರೀಖು ಹಾಕಿ ಡೈರಿಯಲ್ಲಿ ಬರೆದೂ ಆಗಿದೆ.) ಇದನ್ನು ತಿಳಿಯಬೇಕಾದರೆ ನಮ್ಮ ಐದು ತಾಲೂಕಿನ ಲೀಗ್ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿರಬೇಕು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಐದು ಊರು, ಐದು ತಂಡ. ಭಾನುವಾರಕ್ಕೊಂದು ಊರಲ್ಲಿ ಆಟ. ಹೋದವರಿಗೆ ಮೊದಲು ಊಟ. ಊಟವೆಂದರೆ ಪ್ಯಾಕೆಟ್ ಪಲಾವಲ್ಲ. ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಅನ್ನ, ಸಾರು. ಅದಾದ ಮೇಲೆ ಒಂದಿಷ್ಟು ಅಡ್ಡಾಗುವುದು. ಬಿಸಿಲು ಇಳಿದಾಗ ಆತಿಥೇಯ ತಂಡದ ಕ್ಯಾಪ್ಟನ್ ತಾನೇ ಒಂದು ಚೊಂಬು ನೀರು ಹಿಡಿದು ಬಂದು "ಬರ್ರಿ ಆಟಕ್ಕ" ಅನ್ನಬೇಕು. ಆಗಲೇ ಏಳುವುದು. ಹಾಗಾದರೆ ಮೈಕ್? ಅದು ಬೆಳಗ್ಗೆಯಿಂದ "ಇನ್ನೇನು ಕೆಲವೇ ನಿಮಿಷಗಳಲ್ಲಿ" ಅನ್ನುತ್ತಲೇ ಇರುತ್ತದೆ. ಮೈಕ್ ನಂಬಿ ಎದ್ದವರು ನಮ್ಮ ಕಡೆ ಯಾರೂ ಇಲ್ಲ.

ನಾನು ಈ ಲೀಗಿನ ಸ್ಕೋರರ್. ಯಾವ ಊರಲ್ಲಿ ಯಾರು ಯಾರನ್ನು ಎಷ್ಟಕ್ಕೆ ಸೋಲಿಸಿದರು ಅನ್ನುವುದು ನನ್ನ ಹತ್ತಿರ ಇದೆ. ಓದಲು ಬೇಜಾರು. ಕಪ್ ಒಂದೋ ಕೊಟ್ಟೂರಿಗೆ, ಇಲ್ಲವೇ ಹರಪನಹಳ್ಳಿಗೆ. ಉಳಿದ ಮೂರು ಊರುಗಳ ಪಾಲಿಗೆ ಹೋಳಿಗೆ.

ಬೇರೆಲ್ಲೋ ಇದೇ ಕಥೆ ಓದಿದಂತಿದೆ ಅನ್ನಿಸಿತೇ? ನನಗೂ ಅನ್ನಿಸಿತು. ಸ್ಕಾಟ್ಲೆಂಡಿನ ಫುಟ್‌ಬಾಲ್. ಅಲ್ಲಿ ಗ್ಲಾಸ್ಗೋ ನಗರದ ಎರಡು ಕ್ಲಬ್‌ಗಳು ಕಪ್ಪನ್ನು ಇವತ್ತು ನಿನಗೆ, ನಾಳೆ ನನಗೆ ಎಂದು ಹಂಚಿಕೊಂಡು ಬಂದಿವೆ. ನಾನು ಹುಟ್ಟುವ ಮೊದಲಿನಿಂದಲೂ. ಹಾಗಾಗಿ ಒಂದು ಚರ್ಚೆ ಅಲ್ಲಿ ಮುಗಿಯುವುದೇ ಇಲ್ಲ: ಈ ಎರಡು ದೊಡ್ಡ ಕ್ಲಬ್‌ಗಳು ಗಡಿ ದಾಟಿ ಇಂಗ್ಲೆಂಡಿನ ಲೀಗ್ ಸೇರಬೇಕೇ? ಅಲ್ಲಿ ಟಿವಿ ದುಡ್ಡು ಹೊಳೆಯಾಗಿ ಹರಿಯುತ್ತದೆ. ಎದುರಾಳಿಗಳೂ ಗಟ್ಟಿ. ವೇಲ್ಸ್‌ನ ಕೆಲವು ಕ್ಲಬ್‌ಗಳು ಆಗಲೇ ಅಲ್ಲಿ ಆಡುತ್ತಿವೆ. ಇವರು ಯಾಕೆ ಹೋಗಬಾರದು?

ನಮ್ಮಲ್ಲೂ ಅದೇ ಪ್ರಶ್ನೆ. ದಾವಣಗೆರೆಯ ಲೀಗಿನಲ್ಲಿ ಲೈಟು ಹಾಕಿ ಆಡಿಸುತ್ತಾರೆ, ಯೂಟ್ಯೂಬಿನಲ್ಲಿ ಲೈವ್ ಬರುತ್ತದೆ, ಜೆರ್ಸಿ ಮೇಲೆ ಹೆಸರಿರುತ್ತದೆ. (ಕೊಟ್ಟೂರಿನ ಆರು ಆಟಗಾರರಲ್ಲಿ ನಾಲ್ವರ ಹೆಸರು ಕೊಟ್ರೇಶ. ಜೆರ್ಸಿ ಮೇಲೆ ಹೆಸರು ಬಂದರೆ ಯಾರಿಗೆ ಉಪಯೋಗ?) ಒಂದು ಅರ್ಹತಾ ಪಂದ್ಯ ಗೆದ್ದರೆ ಸಾಕು, ಲೀಗಿಗೆ ಪ್ರವೇಶ. ಕೊಟ್ಟೂರು ಹೊರಟು ನಿಂತಿತು. ಹರಪನಹಳ್ಳಿಯವರು ಮಾತ್ರ ನಿಧಾನ. "ಮೊದ್ಲು ನೀವು ಇಳೀರಿ, ನೀರು ಎಷ್ಟೈತಿ ನೋಡ್ಕೊಂಡು ನಾವು ಬರ್ತೀವಿ. ನಾವು ಜಿಲ್ಲಾನ ಮೂರು ಸಲ ಬದಲಿ ಮಾಡಿದೋರು, ಲೀಗ್ ಯಾವ ಲೆಕ್ಕ" ಅಂದರಂತೆ. ಬಳ್ಳಾರಿಯಿಂದ ದಾವಣಗೆರೆಗೆ, ದಾವಣಗೆರೆಯಿಂದ ಮತ್ತೆ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ. ಅನುಭವ ದೊಡ್ಡದು.

ಈ ಸುದ್ದಿ ಕೇಳಿ ಮುಖ ಇಳಿದದ್ದು ಒಬ್ಬನದ್ದೇ. ಓಬಳೇಶಣ್ಣನದು.

ಓಬಳೇಶಣ್ಣ ನನ್ನ ದೊಡ್ಡಪ್ಪನ ಮಗ. ಕೂಡ್ಲಿಗಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ನಮ್ಮ ತಂಡದ ಕ್ಯಾಪ್ಟನ್. ಅವನು ಕ್ಯಾಪ್ಟನ್ ಆದ ಮೇಲೆ ಕೊಟ್ಟೂರಿನ ಎದುರು ಆಡಿದ ಪಂದ್ಯ ಹದಿನಾರು, ಸೋತದ್ದೂ ಹದಿನಾರು. ಇದರ ಮೇಲೆ ಉಪ್ಪು ಸುರಿದಂತೆ ಅವನ ಹೆಂಡತಿ ನೀಲಮ್ಮತ್ತಿಗೆಯ ತವರು ಕೊಟ್ಟೂರು. ಅಲ್ಲಿನ ಕ್ಯಾಪ್ಟನ್ ಕೊಟ್ರೇಶ ಅವಳ ಸ್ವಂತ ತಮ್ಮ. ಅಂದರೆ ಪ್ರತಿ ಹಬ್ಬಕ್ಕೂ ಓಬಳೇಶಣ್ಣ ಯಾರ ಕೈಯಲ್ಲಿ ಸೋತಿದ್ದಾನೋ ಅವರ ಮನೆಯಲ್ಲೇ ಹೊಸ ಪಂಚೆ ಉಟ್ಟು ಕೂರಬೇಕು.

ಅವನ ಬಲ ಮೊಣಕಾಲು ಮುಗಿದಿದೆ. ಡಾಕ್ಟರು ಆಟ ಬಿಡು ಅಂದು ಎರಡು ವರ್ಷವಾಯಿತು. ಕೊಟ್ಟೂರನ್ನು ಒಂದು ಸಲ ಸೋಲಿಸಿ ಬಿಡುತ್ತೇನೆ ಅಂತ ಅವನು ಡಾಕ್ಟರಿಗೇ ಹೇಳಿ ಬಂದಿದ್ದ. ಇದೇ ಕೊನೆಯ ಸೀಸನ್. ಈಗ ಕೊಟ್ಟೂರೇ ಹೊರಟು ನಿಂತರೆ?

ಆ ಭಾನುವಾರ ಅವನೂ ನಾನೂ ದಾವಣಗೆರೆಗೆ ಹೋದದ್ದು ಹಾಗೆ. ಬೀಗರ ಕಡೆಯವರು ಆಡುವಾಗ ನಾವಿರಬೇಕು ಅಂದ. ಅವರು ಸೋಲುವುದನ್ನು ನೋಡುವ ಆಸೆ ಎಂದು ನಾನು ಅಂದುಕೊಂಡೆ.

ಮಧ್ಯಾಹ್ನ ಒಂದಕ್ಕೆ ಮೈಕ್ ಕೂಗಿತು: ಕೊಟ್ಟೂರು ತಂಡ ಕೋರ್ಟಿಗೆ ಬರಬೇಕು. ಎದುರಾಳಿ ತಂಡ ಬಂದು ನಿಂತಿತು. ಕೊಟ್ಟೂರಿನವರು ಮರದ ಕೆಳಗೇ ಇದ್ದರು. ಎರಡನೇ ಸಲ ಕೂಗಿತು. ಅವರು ಅಡುಗೆ ಹೊಗೆ ಎಲ್ಲಾದರೂ ಕಾಣುತ್ತದೆಯೇ ಎಂದು ಆ ಕಡೆ ಈ ಕಡೆ ನೋಡುತ್ತಿದ್ದರು.

ಓಬಳೇಶಣ್ಣನಿಗೆ ಅರ್ಥವಾಯಿತು. ನನಗೂ. ಅವನು ಎದ್ದ. ಕೂತ. ಮತ್ತೆ ಎದ್ದ. ಅವನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಕೊಟ್ಟೂರು ಅಲ್ಲೇ ಸೋತು ನಮ್ಮ ಲೀಗಿಗೆ ವಾಪಸಾಗುತ್ತಿತ್ತು, ಅವನಿಗೆ ಇನ್ನೊಂದು ಪಂದ್ಯ ಸಿಗುತ್ತಿತ್ತು. ಕರೆದರೆ ಅವರು ಆಡುತ್ತಾರೆ. ಆಡಿದರೆ ಗೆಲ್ಲುತ್ತಾರೆ. ಗೆದ್ದರೆ ಹೋಗುತ್ತಾರೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? (ನಾನಾಗಿದ್ದರೆ ಕಬ್ಬಿನ ಹಾಲು ಕುಡಿಯಲು ಹೋಗುತ್ತಿದ್ದೆ.)

ಅವನು ಕುಂಟುತ್ತಲೇ ಓಡಿದ. ನಾನು ಹಿಂದೆ.

"ಏಳ್ರಲೇ, ನಿಮ್ಮ ಹೆಸರು ಕೂಗಾಕತ್ಯಾರ" ಅಂದ.

ಕೊಟ್ರೇಶ ಎದ್ದು ನಿಂತು ಮರ್ಯಾದೆಯಿಂದಲೇ ಉತ್ತರಿಸಿದ: "ನೀವು ಕರದ್ರ ಹೆಂಗ ಬರೂದು ಭಾವ? ನೀವೂ ನಮ್ಮಂಗ ಬಂದೋರು. ಊರವರು ಕರೀಲಿ."

"ಊರವರೇ ಮೈಕಿನಾಗ ಕರ್ಯಾಕತ್ಯಾರಲ್ಲೋ."

"ಮೈಕ್ ಏನು, ಅದರ ಪಾಡಿಗೆ ಅದು ಒದರತೈತಿ. ಇನ್ನಾ ಊಟಾನ ಆಗಿಲ್ಲ. ಕರೀದ ಹೋಗಿ ನಿಂತ್ರ, ಆಟಕ್ಕ ಹಸಗೊಂಡು ಬಂದಾರ ಅಂತ ನಗೂದಿಲ್ಲೇನು?"

ಮೂರನೇ ಸಲ ಕೂಗಿತು. ವಾಕೋವರ್. ಅಲ್ಲಿನವರ ತಪ್ಪೂ ಇರಲಿಲ್ಲ. ನಿಯಮ ಕಾಗದದ ಮೇಲಿತ್ತು, ಮೂರು ಸಲ ಕೂಗಿದ್ದರು. ಕೊಟ್ರೇಶ ಹೋಗಿ ಕೇಳಿದಾಗ ಪಾಪ, ಮುಂದಿನ ತಿಂಗಳು ಇನ್ನೊಂದು ಅರ್ಹತಾ ಪಂದ್ಯ ಇದೆ, ಬನ್ನಿ ಎಂದೂ ಹೇಳಿದರು. ಆ ಮೇಲೆ ಎಲ್ಲರೂ ಸೇರಿ ಮಿರ್ಚಿ ಮಂಡಕ್ಕಿ ತಿಂದೆವು.

ಬಸ್ಸಿನಲ್ಲಿ ನಾನು ಫೋನಿನಲ್ಲಿ ಅದೇ ಸ್ಕಾಟ್ಲೆಂಡಿನ ಚರ್ಚೆ ಓದುತ್ತಿದ್ದೆ. ಏನು ಓದ್ತೀ ತಂಗಿ ಅಂತ ಓಬಳೇಶಣ್ಣ ಕೇಳಿದ. ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ:

"ಅವರನ್ನ ಅಲ್ಲಿಯವರು ಬರ್ರಿ ಅಂದಾರೇನು?"

ನೋಡಿ, ಉದ್ದುದ್ದ ಲೇಖನಗಳು ಸುತ್ತಿ ಸುತ್ತಿ ಬರುವುದು ಇಲ್ಲಿಗೇ. ಇಂಗ್ಲೆಂಡಿನ ಕ್ಲಬ್‌ಗಳು ಬರ್ರಿ ಅಂದಿಲ್ಲ. ಯಾಕೆ ಅನ್ನುತ್ತಾರೆ? ಇವರಿಬ್ಬರು ಬಂದರೆ ಅವರಲ್ಲಿ ಇಬ್ಬರಿಗೆ ಜಾಗ ಹೋಗುತ್ತದೆ. ಬರಲೇಬೇಕಾದರೆ ತೀರ ಕೆಳಗಿನ ಮೆಟ್ಟಿಲಿನಿಂದ ಹತ್ತಿಕೊಂಡು ಬನ್ನಿ ಅನ್ನುವವರೂ ಇದ್ದಾರೆ. ಇನ್ನು, ಮೇಲೆ ಹತ್ತಿದರೂ ಏನು? ಊರಲ್ಲಿ ಪ್ರತಿ ವರ್ಷ ಕಪ್ ಎತ್ತುವವರು ಅಲ್ಲಿ ಹನ್ನೊಂದನೇ ಸ್ಥಾನಕ್ಕೆ ಬಂದರೆ ಪಟಾಕಿ ಹೊಡೆಯಬೇಕಾಗಬಹುದು. ಸ್ಕಾಟ್ಲೆಂಡಿನಲ್ಲಿ ಗೆದ್ದರೆ ಯುರೋಪಿನ ದೊಡ್ಡ ಟೂರ್ನಿಗಳ ಬಾಗಿಲು ಹತ್ತಿರ. ಅಲ್ಲಿ ಅದೂ ದೂರ.

ಹಾಗಂತ ಇದ್ದಲ್ಲೇ ಇರಿ ಅನ್ನುವವರ ವಾದವೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ದೊಡ್ಡವರು ಹೋದರೆ ಉಳಿದ ಸಣ್ಣ ಕ್ಲಬ್‌ಗಳು ಬಡವಾಗುತ್ತವೆ ಅನ್ನುತ್ತಾರೆ. ಸರಿ, ಆದರೆ ನಮ್ಮ ಹೊಟ್ಟೆ ತುಂಬಲಿ ಎಂದು ದೊಡ್ಡವನು ಬೆಳೆಯದೆ ಇಲ್ಲೇ ಕೂರಬೇಕೇ? ಕೊಟ್ಟೂರಿಗೆ ಹಗರಿಬೊಮ್ಮನಹಳ್ಳಿಯನ್ನು ಇನ್ನೂ ಎಷ್ಟು ಸಲ ಸೋಲಿಸಿದರೆ ಆಟ ಸುಧಾರಿಸೀತು?

ಮರುದಿನ ಕೊಟ್ರೇಶ ನಮ್ಮ ಲೀಗಿನವರಿಗೆಲ್ಲ ಫೋನ್ ಮಾಡಿ, ಮುಂದಿನ ತಿಂಗಳವರೆಗೆ ಇಲ್ಲೇ ಆಡುತ್ತೇವೆ ಅಂದ. ಹಗರಿಬೊಮ್ಮನಹಳ್ಳಿಯವರು ಹೋದವರು ಹೋದಂತೆ, ಮತ್ತೆ ಸೇರಿಸುವುದು ಬೇಡ ಅಂದರು. (ಆಗಲೇ ಕಪ್ ಇಡಲು ಸ್ಟ್ಯಾಂಡ್ ಮಾಡಿಸಿದ್ದರು ಎಂಬ ಸುದ್ದಿ ಇದೆ.) ಹಡಗಲಿಯವರು, ಕೊಟ್ಟೂರು ಬಂದ ದಿನ ಮಾತ್ರ ನಮ್ಮ ಗ್ರೌಂಡ್ ತುಂಬುತ್ತದೆ, ಬರಲಿ ಅಂದರು. ಓಬಳೇಶಣ್ಣ ಬರಲಿ ಅಂದ, ಯಾರೂ ಕೇಳುವ ಮೊದಲೇ.

ಹೀಗೆ ಹೋದ ಭಾನುವಾರ ಕೊಟ್ಟೂರು ಕೂಡ್ಲಿಗಿಗೆ ಬಂತು.

ಬರುವಾಗ ಒಂದು ಹೊಸ ಪದ್ಧತಿ ತಂದಿದ್ದರು. ದಾವಣಗೆರೆಯ ಪಾಠ ಕಲಿತು, ಇನ್ನು ಮೇಲೆ ಎಲ್ಲಿಗೆ ಹೋದರೂ ಬುತ್ತಿ ಕಟ್ಟಿಕೊಂಡೇ ಹೋಗಬೇಕು ಎಂದು ಕೊಟ್ರೇಶ ತೀರ್ಮಾನಿಸಿದ್ದ. ಶಿಸ್ತಿನ ಮನುಷ್ಯ. ದಾರಿಯಲ್ಲಿ ಗಾಡಿ ನಿಲ್ಲಿಸಿ ಆರೂ ಜನ ಹೊಟ್ಟೆ ತುಂಬ ಉಂಡು ಬಂದರು. ಇಲ್ಲಿ ನೋಡಿದರೆ ಎಲೆ ಹಾಕಿತ್ತು.

ಉಂಡು ಬಂದಿದ್ದೇವೆ ಅನ್ನಬಹುದಿತ್ತಲ್ಲ? ಯಾರ ಮುಂದೆ ಅನ್ನುವುದು? ಬಡಿಸಲು ನಿಂತದ್ದು ನೀಲಮ್ಮತ್ತಿಗೆ. ಬೀಗರ ಊರಿಗೆ ಬುತ್ತಿ ಕಟ್ಟಿಕೊಂಡು ಬಂದೆವು ಎಂದು ಬಾಯಿಬಿಟ್ಟರೆ ಅದು ಮೂರು ತಲೆಮಾರು ಉಳಿಯುವ ಮಾತು. ಆರೂ ಜನ ತೆಪ್ಪಗೆ ಕೂತರು. ಎರಡನೇ ಹೋಳಿಗೆಗೆ ಕೊಟ್ರೇಶ ಕೈ ಅಡ್ಡ ಹಿಡಿದ. ಅತ್ತಿಗೆ ಕೈ ಸರಿಸಿದಳು.

"ಉಣ್ಣಪ್ಪ ಉಣ್ಣು, ದಾವಣಗೇರಿಗೆ ಹೋಗಿ ಉಪಾಸ ಬಂದೀಯಂತ" ಅಂದಳು. ತುಪ್ಪ ಹಾಕಿದಳು. ಆಮೇಲೆ ಇನ್ನೊಂದು ಹೋಳಿಗೆ ಹಾಕಿದಳು.

ಗೊತ್ತಿದ್ದೇ ಬಡಿಸಿದಳೇ? ನಾನು ಕೇಳಿಲ್ಲ. ಕೇಳುವ ಧೈರ್ಯವೂ ಇಲ್ಲ.

ನಾಲ್ಕಕ್ಕೆ ಓಬಳೇಶಣ್ಣ ಚೊಂಬು ಹಿಡಿದು ಹೋಗಿ ಕರೆದ. ಅವರು ಎದ್ದರು, ಅಷ್ಟು ಹೊತ್ತಿಗೆ ಏಳಲು ಸಾಧ್ಯವಾದಷ್ಟು. ಮೊದಲ ಸೆಟ್ ನಮ್ಮದು. ಎರಡನೆಯದು ಅವರದು, ಹೊಟ್ಟೆ ತುಂಬಿದ್ದರೂ ಕೊಟ್ಟೂರು ಕೊಟ್ಟೂರೇ. ಮೂರನೆಯದರಲ್ಲಿ ಹದಿನಾಲ್ಕು-ಹನ್ನೆರಡು ನಮ್ಮ ಕಡೆ, ಇನ್ನೊಂದು ಪಾಯಿಂಟ್ ಸಾಕು. ಓಬಳೇಶಣ್ಣ ನೆಟ್ಟಿನ ಹತ್ತಿರ ಒಂದು ಕಾಲಲ್ಲೇ ಹಾರಿದ. ಸ್ಮ್ಯಾಶ್ ಹೊಡೆಯುತ್ತಾನೆ ಎಂದು ಎಲ್ಲರೂ ಹಿಂದೆ ಸರಿದರು. ಅವನು ಚೆಂಡನ್ನು ಮೆಲ್ಲಗೆ ನೆಟ್ಟಿನಾಚೆ, ಕೊಟ್ರೇಶನ ಪಾದದ ಮುಂದೆ ಇಟ್ಟ. ಕೊಟ್ರೇಶ ಬಗ್ಗಬೇಕಿತ್ತು. ಚೆಂಡು ನೋಡಿದ. ಹೊಟ್ಟೆ ನೋಡಿಕೊಂಡ. ಬಗ್ಗಲಿಲ್ಲ.

ಹದಿನೇಳನೇ ಪಂದ್ಯ ನಮ್ಮದು. ನಾನು ಸ್ಕೋರ್ ಬರೆದು, ಸರಿಯೇ ಎಂದು ಎರಡು ಸಲ ನೋಡಿಕೊಂಡೆ. ಓಬಳೇಶಣ್ಣ ಕೋರ್ಟಿನ ಮಧ್ಯೆ ಮೊಣಕಾಲು ಹಿಡಿದು ಕೂತುಬಿಟ್ಟಿದ್ದ. ನಗುತ್ತಿದ್ದಾನೋ ಅಳುತ್ತಿದ್ದಾನೋ ದೂರಕ್ಕೆ ತಿಳಿಯಲಿಲ್ಲ.

ಕೊಟ್ರೇಶ ನೇರ ನನ್ನ ಮೇಜಿಗೆ ಬಂದ. ಇದು ಲೆಕ್ಕಕ್ಕಿಲ್ಲ, ಎರಡು ಊಟ ಮಾಡಿ ಆಡಿದ್ದೇವೆ ಎಂದು ಅಷ್ಟು ಹೊತ್ತು ಮುಚ್ಚಿಟ್ಟಿದ್ದ ಸತ್ಯವನ್ನು ಹೇಳಿಬಿಟ್ಟ. ಸ್ಕೋರ್‌ಶೀಟಿನಲ್ಲಿ ಊಟದ ಕಾಲಂ ಇಲ್ಲ ಎಂದು ನಾನು ವಿನಯದಿಂದ ತಿಳಿಸಿದೆ.

ಅವನು ಭಾವನ ಕಡೆ ತಿರುಗಿದ. ಓಬಳೇಶಣ್ಣ ನೀಕ್ಯಾಪ್ ಬಿಚ್ಚಿ ಮಡಚುತ್ತಿದ್ದ. ಇನ್ನು ಮುಗಿಯಿತಪ್ಪ, ನೀನು ಆರಾಮ ದಾವಣಗೆರೆಗೆ ಹೋಗು ಅಂದ.

"ದಾವಣಗೇರಿ ಎಲ್ಲಿ ಓಡಿ ಹೋಗತೈತಿ" ಅಂದ ಕೊಟ್ರೇಶ. "ಸೋಲಿಸಿ ಆಟ ಬಿಡ್ತೀನಿ ಅಂದ್ರ ಹೆಂಗ? ಅದನ್ನ ಕಟ್ರಿ ಮೊದ್ಲು. ಮುಂದಿನ ಸೀಸನ್ನಿಗೆ ನೀವ ಬರಬೇಕು, ನಾನೂ ಇಲ್ಲೇ ಇರ್ತೀನಿ."

ಓಬಳೇಶಣ್ಣ ನೀಕ್ಯಾಪ್ ಬಿಡಿಸಿ ಮತ್ತೆ ಕಟ್ಟಿಕೊಂಡ. ಡಾಕ್ಟರಿಗೆ ಯಾರು ಹೇಳುತ್ತಾರೋ ಗೊತ್ತಿಲ್ಲ.

ಸ್ಕಾಟ್ಲೆಂಡಿನ ಸಣ್ಣ ಕ್ಲಬ್ಬುಗಳೇ, ದೊಡ್ಡವರು ಊರು ಬಿಟ್ಟು ಹೋಗಬಾರದು ಎಂದು ಇಷ್ಟು ವರ್ಷ ಸಭೆ ಮಾಡುತ್ತಿದ್ದೀರಲ್ಲ, ಅದರ ಬದಲು ಅವರನ್ನು ಒಂದು ಸಲ ಸೋಲಿಸಿ ನೋಡಬಾರದೇ?