ಬಂಡೆಯ ಮೇಲಿನ ದೋಣಿ ಕಾಯುವ ಸೀನಪ್ಪ

ಬೆಳಕಿನ್ನೂ ಪೂರ್ತಿ ಹರಿದಿಲ್ಲ. ದೋಹಾದಿಂದ ಉತ್ತರಕ್ಕೆ, ಸಮುದ್ರಕ್ಕೆ ಹತ್ತಿರದ ಬಂಡೆಹಾಸಿನ ಮೇಲೆ ಸೀನಪ್ಪ ಮಂಡಿಯೂರಿ ಕೂತಿದ್ದಾರೆ. ತಲೆಗೆ ಮಫ್ಲರ್, ಕೈಯಲ್ಲಿ ಮೆತ್ತನೆಯ ಪೇಂಟ್ ಬ್ರಷ್ಷು. ಹಿಂದಿನ ಕಾಲದವರು ಕಲ್ಲಿನಲ್ಲಿ ಕೊರೆದ ಗುಳಿಗಳಿಗೆಲ್ಲ ರಾತ್ರಿಯ ಗಾಳಿ ಮರಳು ತುಂಬಿಸಿ ಹೋಗಿದೆ. ಒತ್ತಿ ಉಜ್ಜುವಂತಿಲ್ಲ, ನೀರು ಹಾಕುವಂತಿಲ್ಲ. ಮಗುವಿನ ಕಿವಿ ಒರೆಸುವ ಹಾಗೆ ಒಂದೊಂದನ್ನೇ ಖಾಲಿ ಮಾಡಬೇಕು. ಪಕ್ಕದ ಮರಳಲ್ಲಿ ನರಿಯೊಂದು ಈಗಷ್ಟೇ ನಡೆದುಹೋದ ಹೆಜ್ಜೆ. ಕಾಂಡ್ಲಾ ಗಿಡಗಳಾಚೆಯ ಉಪ್ಪುನೀರಿನಲ್ಲಿ ಫ್ಲೆಮಿಂಗೊಗಳು ಒಂಟಿಕಾಲಲ್ಲಿ ನಿಂತು ನಿದ್ದೆ ಮುಗಿಸುತ್ತಿವೆ.

“ಅವುಕ್ಕೂ ಚಳಿಗಾಲದ ರಜೆ, ದೋಹಾದ ಮಕ್ಕಳಿಗೂ ರಜೆ. ನಮಗೆ ಮಾತ್ರ ಈಗಲೇ ಕೆಲಸ ಜಾಸ್ತಿ ಮಾರಾಯ್ರೆ,” ಎಂದು ನಗುತ್ತಾರೆ.

ಸೀನಪ್ಪ ಹೆಜಮಾಡಿಯ ಮೀನುಗಾರರ ಮನೆಯವರು. ಕ್ಲೀನಿಂಗ್ ಕಂಪನಿಯ ವೀಸಾದಲ್ಲಿ ಬಂದು ಮಾಲ್‌ಗಳ ನೆಲ ಒರೆಸಿದ್ದಾರೆ, ಆಫೀಸುಗಳ ಗಾಜು ಉಜ್ಜಿದ್ದಾರೆ. ಅಲ್ ಗರಾಫಾದ ರೂಮಿನಲ್ಲಿ ಉಳಿದವರು ಮಗ್ಗುಲು ಬದಲಿಸುವ ಹೊತ್ತಿಗೆ ಇವರು ಕಂಪನಿಯ ವ್ಯಾನು ಹತ್ತಿರುತ್ತಾರೆ. ಬೇಸಿಗೆಯಲ್ಲಿ ಈ ಬಂಡೆಯ ಮೇಲೆ ಬರಿಗಾಲು ಇಟ್ಟರೆ ಬೊಬ್ಬೆಯೇ. ಚಳಿ ಬಿದ್ದರೆ ಕಾರುಗಳು ಸಾಲುಗಟ್ಟುತ್ತವೆ. ಹಕ್ಕಿ ನೋಡಿ, ಬಿರಿಯಾನಿ ಬಿಚ್ಚಿ, ಬಂಡೆಯ ಮೇಲೆ ಸೆಲ್ಫಿ ತೆಗೆದು ಹೋಗುವವರೇ ಎಲ್ಲ.

ಆ ಬಂಡೆಯಲ್ಲಿ ಕೊರೆದ ದೋಣಿಯೊಂದಿದೆ. ಗೇಣುದ್ದದ್ದು, ಬೆರಳಿಗೆ ಸಿಕ್ಕೂ ಸಿಗದಷ್ಟು ಸವೆದದ್ದು. ನೋಡಿದವರೆಲ್ಲ ನೂರು ಕಾಲಿನ ಜರಿಹುಳ ಅಂದುಕೊಂಡು ತುಳಿದೇ ಹೋಗುತ್ತಾರೆ.

“ನಾನೂ ಮೊದಲು ಜರಿ ಅಂತಲೇ ತಿಳ್ಕೊಂಡಿದ್ದೆ. ಒಂದು ಬೆಳಗ್ಗೆ ಬಿಸಿಲು ಓರೆಯಾಗಿ ಬಿತ್ತು ನೋಡಿ, ಕಾಲುಗಳಲ್ಲ, ಹುಟ್ಟುಗಳು! ಅಪ್ಪನ ದೋಣಿ ತೆಂಗಿನಮರದ ಮೇಲಿಂದ ನೋಡಿದ್ರೆ ಹೀಗೇ ಕಾಣ್ತಿತ್ತು.”

ಈ ತಿಂಗಳ ಕೊನೆಗೆ ಸೀನಪ್ಪನವರನ್ನು ದುಖಾನ್‌ಗೆ, ಎಣ್ಣೆ ಕಂಪನಿಯ ಕ್ವಾರ್ಟರ್ಸಿನ ಕೆಲಸಕ್ಕೆ ಹಾಕಿದ್ದಾರೆ. ಆಮೇಲೆ ಇಲ್ಲಿ ನಿಂತು “ಅಲ್ಲಿ ಕಾಲಿಡಬೇಡಿ” ಅನ್ನುವವರಿಲ್ಲ. ಇನ್ನೊಂದು ಸೀಸನ್ನಿನ ಚಪ್ಪಲಿಗಳನ್ನು ದೋಣಿ ತಾಳುವುದಿಲ್ಲವೆಂಬುದೇ ಅವರ ಚಿಂತೆ. ಸೂಪರ್‌ವೈಸರ್‌ ಹತ್ತಿರ ಹಗ್ಗ ಕೇಳಿ ಕೇಳಿ ಸಾಕಾಗಿ, ಸಮುದ್ರದಂಚಿನಿಂದ ಬಿಳಿ ಕಲ್ಲು ಆಯ್ದು ತಂದು ತಾವೇ ದೋಣಿಯ ಸುತ್ತ ಬೇಲಿಯಂತೆ ಜೋಡಿಸಿಟ್ಟರು.

ಮೊನ್ನೆ ಶುಕ್ರವಾರ ಚಹಾ ಕುಡಿದು ಬಂದು ನೋಡಿದರೆ ಬೇಲಿ ಅರ್ಧ ಮಾಯ! ಇಬ್ಬರು ಹೆಂಗಸರು ಎದುರುಬದುರು ಕೂತು, ಬಂಡೆಯ ಗುಳಿಗಳಿಗೆ ಅವೇ ಕಲ್ಲುಗಳನ್ನು ಹಂಚುತ್ತಿದ್ದಾರೆ. ದೋಹಾದಲ್ಲಿ ಅಕೌಂಟೆಂಟ್ ಆಗಿರುವ ವಾರಿಜಾಕ್ಷಿ ಮತ್ತು ಆಸ್ಟ್ರೇಲಿಯಾದಲ್ಲಿ ನರ್ಸ್ ಆಗಿದ್ದು ಅಕ್ಕನ ಮನೆಗೆ ರಜೆಗೆ ಬಂದ ಗ್ರೀಷ್ಮಾ.

“ಅಕ್ಕ, ಸಾಲಿಗೆ ಏಳೇಳು ಗುಳಿ! ಅಜ್ಜಿಯ ಚೆನ್ನೆಮಣೆಯ ಹಾಗೆಯೇ ಉಂಟು!” ಎಂದು ತುಳುವಿನಲ್ಲಿ ಹೇಳುತ್ತಿದ್ದ ತಂಗಿ ಕೂತದ್ದು ಸರಿಯಾಗಿ ದೋಣಿಯ ಮೇಲೆ.

ಬೈದರೆ ಕಂಪ್ಲೇಂಟು ಹೋಗುತ್ತದೆ. ‘ನೋ ಟಚಿಂಗ್’ ಅಂದರೆ ಯಾರೂ ಕೇಳುವುದಿಲ್ಲ. ಸೀನಪ್ಪ ತುಳುವಿನಲ್ಲೇ ವಿಚಾರಿಸಿದರು:

“ಅಲ್ಲ ಅಕ್ಕ, ಈಗ ಆಟಿ ತಿಂಗಳಾ? ಅದೂ ಅಕ್ಕತಂಗಿ ಕೂತು ಚೆನ್ನೆ ಆಡುವುದಾ? ಊರಲ್ಲಿ ಯಾರಾದ್ರೂ ನೋಡಿದ್ರೆ ಎಂತ ಹೇಳಿಯಾರು?”

ತುಳುನಾಡಿನಲ್ಲಿ ಚೆನ್ನೆ ಮಳೆಗಾಲದ ಆಟಿಯ ಆಟ. ಒಡಹುಟ್ಟಿದ ಹೆಣ್ಣುಮಕ್ಕಳು ಎದುರಾಗಿ ಕೂತರೆ ಮನೆಯಲ್ಲಿ ಜಗಳ ಹತ್ತುತ್ತದೆಂಬ ನಂಬಿಕೆ. ಇಬ್ಬರೂ ಬೆಂಕಿ ತಾಗಿದವರಂತೆ ಎದ್ದರು.

“ಅಯ್ಯೋ ದೇವರೇ, ನಮ್ಮ ಜಗಳಕ್ಕೆ ಚೆನ್ನೆ ಬೇರೆ ಬೇಕಾ? ನಿನ್ನೆ ಒಂದು ಸೂಟ್‌ಕೇಸಿಗೇ ಆಗಿದೆ!” ಎಂದರು ವಾರಿಜಾಕ್ಷಿ.

ಗ್ರೀಷ್ಮಾ ನಗಲಿಲ್ಲ. ಎದ್ದ ಜಾಗದಲ್ಲಿ ಸೀನಪ್ಪ ತೋರಿಸಿದ ದೋಣಿಯನ್ನೇ ನೋಡುತ್ತಾ ಹೇಳಿದರು:

“ಜುಲೈಯಲ್ಲಿ ನಾವು ಆಸ್ಟ್ರೇಲಿಯಾದ ಕಾಕಡು ಕಾಡಿಗೆ ಹೋಗಿದ್ವಿ. ಅಲ್ಲಿ ಆಗ ಚಳಿಗಾಲದ ರಜೆ, ಆದ್ರೆ ಚಳಿಯೇ ಇಲ್ಲ. ಹೊಳೆಯಲ್ಲಿ ಮೊಸಳೆ, ಬಂಡೆಯಲ್ಲಿ ಮೂಲನಿವಾಸಿಗಳ ಚಿತ್ರ. ಆ ನೆಲದವರೇ ಗೈಡ್. ‘ಇದು ನಮ್ಮ ಅಜ್ಜಂದಿರದ್ದು’ ಅಂದಾಗ ಉಸಿರು ಬಿಗಿಹಿಡಿದು ನಿಂತಿದ್ದೆ. ಇಲ್ಲಿ ನೋಡಿದ್ರೆ ಚಿತ್ರದ ಮೇಲೇ ಕೂತಿದ್ದೇನೆ!”

“ಅಲ್ಲಿ ಜನ ಹೇಗೆ ಹೋಗ್ತಾರೆ ಅಕ್ಕ, ಬಂಡೆ ಮುಟ್ಟದೆ?” ಎಂದು ಸೀನಪ್ಪ ಕೇಳಿದರು.

ಗ್ರೀಷ್ಮಾ ಮೊಬೈಲಿನಲ್ಲಿದ್ದ ಫೋಟೊ ತೋರಿಸಿದರು: ಹಲಗೆಯ ಹಾದಿ, ಪಕ್ಕದಲ್ಲಿ ಮೊಣಕಾಲೆತ್ತರದ ಹಗ್ಗ. ಅದನ್ನು ವಾಟ್ಸಾಪಿಗೆ ಹಾಕಿಸಿಕೊಂಡ ಸೀನಪ್ಪ ಅಲ್ಲಿಂದಲೇ ಸೂಪರ್‌ವೈಸರ್ ಫಾಯಿಝ್‌ಗೆ ಕಳಿಸಿದರು. ಉಳ್ಳಾಲದ ಫಾಯಿಝ್ ತಕ್ಷಣ ಫೋನ್ ಮಾಡಿದರು.

“ಸೀನಣ್ಣ, ನೀವು ಹೋಗುವವರು. ನಿಮಗೆಂತಕ್ಕೆ ತಲೆಬಿಸಿ? ಖಲಾಸ್, ಬಿಡಿ.”

“ಹೋಗುವವ ಅಂತಲೇ ತಲೆಬಿಸಿ ಮಾರಾಯ. ಇರುವವನಾದ್ರೆ ನಾನೇ ನಿಲ್ತಿದ್ದೆ.”

ಫಾಯಿಝ್‌ಗೆ ಅಷ್ಟು ಸಾಕಾಯಿತು. ಫೋಟೊ ಮೇಲಿನವರಿಗೆ ಹೋಯಿತು. ಹಲಗೆ ಹಾದಿಗೆ ಒಪ್ಪಿಗೆ ಸಿಕ್ಕಿಲ್ಲ, ಆದರೆ ನಿನ್ನೆ ಪಿಕಪ್ಪಿನಲ್ಲಿ ಕಬ್ಬಿಣದ ಕುಳ್ಳನೆಯ ಕಂಬಗಳೂ ಒಂದು ಸುತ್ತು ಹಗ್ಗವೂ ಬಂದು ಇಳಿದವು. ಕಟ್ಟಿದವರು ಸೀನಪ್ಪನವರೇ. ಗಂಟು ಮಾತ್ರ ದಡಕ್ಕೆ ದೋಣಿ ಬಿಗಿಯುವವರ ಗಂಟು.

ಈಗ ಮೊದಲ ಕಾರು ಬಂದು ನಿಂತಿದೆ. ಇಳಿದ ಕುಟುಂಬ ಹಗ್ಗ ಕಂಡು ತಾನಾಗಿಯೇ ಬಳಸಿಕೊಂಡು ನಡೆಯುತ್ತದೆ. ಬ್ರಷ್ಷಿನ ಮರಳು ಕೊಡವುತ್ತಾ ಸೀನಪ್ಪ ಅವರನ್ನೇ ನೋಡುತ್ತಾರೆ.

“ದುಖಾನ್‌ನಿಂದ ಯಾರದ್ದಾದ್ರೂ ಗಾಡಿ ಸಿಕ್ಕಿದ್ರೆ ಒಂದು ಶುಕ್ರವಾರ ಬರ್ಬೇಕು ಅಂತ ಉಂಟು. ಗುಡಿಸಲಿಕ್ಕೆ ಅಲ್ಲ, ಸುಮ್ಮನೆ ನೋಡ್ಲಿಕ್ಕೆ. ನಾನೂ ಹಗ್ಗದ ಈಚೆಯೇ ನಿಲ್ತೇನೆ.”