ಬ್ಯಾಟರಿ ಮಾವನ ಕೆಂಪು ವೈರು
ಬ್ಯಾಟರಿ ಮಾವ ತಮ್ಮ ಹಳೇ ಪಿಕಪ್ಪಿನ ಬಾನೆಟ್ ಎತ್ತಿದರೆಂದರೆ ಬೀದಿಗೆಲ್ಲ ಪಾಠ. “ಹಾಕುವಾಗ ಕೆಂಪು ವೈರು ಮೊದಲು, ಕಪ್ಪು ಆಮೇಲೆ. ವೈರು ಅದಲುಬದಲಾದ್ರೆ ಗಾಡಿ ಕತೆ ಮುಗೀತು.” ಹೊಸ ಅಳಿಯನಿಗೂ ಕಾಫಿಗಿಂತ ಮೊದಲು ಇದನ್ನೇ ಕುಡಿಸಿದ್ದರು. ಬ್ಯಾಟರಿಗೆ ಬೇರೆಯವರು ಕೈ ಹಾಕುವಂತಿಲ್ಲ. ಆದರೆ ಮಾವನ ಕಣ್ಣಿಗೆ ಹುಟ್ಟಿದಾಗಿನಿಂದ ಕೆಂಪೂ ಒಂದೇ, ಕಪ್ಪೂ ಒಂದೇ. ನಾಚಿಕೆಗೆ ಹೆಂಡತಿಯ ಹತ್ತಿರವೂ ಬಾಯಿ ಬಿಟ್ಟವರಲ್ಲ. ಯಾವುದು ಕೆಂಪೆಂದು ಬ್ಯಾಟರಿ ಅಂಗಡಿಯವನನ್ನು ಕೇಳಿ, ಆ ವೈರಿಗೆ ಗುಟ್ಟಾಗಿ ಒಂದು ದಾರ ಕಟ್ಟಿಕೊಂಡಿದ್ದರು. ಅದನ್ನು ತಡವಿಯೇ ಈ ಪಾಂಡಿತ್ಯವೆಲ್ಲ. ಇವತ್ತು ಅಳಿಯನೆದುರು ಪಾಠ ಹೇಳುತ್ತಾ ತಡವಿದರೆ, ಸವೆದುಹೋಗಿದ್ದ ಆ ದಾರದ ಜಾಗದಲ್ಲಿ ಗಟ್ಟಿಯಾದ ಹೊಸದು. ಹೆಂಡತಿ ಗುಂಡಿ ಹೊಲಿಯುವ ದಾರ, ಅವಳದೇ ಜೋಡಿಗಂಟು. ಮಾವನ ಬೆರಳು ಆ ಗಂಟಿನ ಮೇಲೇ ನಿಂತಿತು. ತಲೆ ಎತ್ತಲಾಗದೆ ಬಾನೆಟ್ಟಿನಡಿಯೇ ಬಗ್ಗಿ ನಿಂತರು. “ಕೆಂಪು ಮೊದಲು, ಅಲ್ವಾ? ಮುಂದೆ ಹೇಳಿ,” ಎಂದಳು ಹಿಂದೆ ನಿಂತಿದ್ದ ಹೆಂಡತಿ, ಮೆಲ್ಲಗೆ.